ದೇಹದ ಕಾವಲುಗಾರರನ್ನು ಕಂಡ ಮೆಚ್ನಿಕೋಫ್

ಪುಣೆಯಿಂದ ನಾಸಿಕದ ಹೆದ್ದಾರಿ ಹಿಡಿದು ಹೊರಟವರಿಗೆ ಭೋಸರಿ ಅಪರಿಚಿತವಲ್ಲ. ಕಾರ್ಖಾನೆಗಳಿಂದ ತುಂಬಿದ ಆ ಪ್ರದೇಶದಲ್ಲಿ ಹೊಟ್ಟೆಪಾಡಿಗಾಗಿ ಬಂದು ನೆಲೆಸಿದ ಕನ್ನಡಿಗರೂ ಉಂಟು. ಅಲ್ಲಿಯೇ 1992ರ ಅಕ್ಟೋಬರ್ ತಿಂಗಳಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ರಾಷ್ಟ್ರೀಯ ಏಡ್ಸ್ ಸಂಶೋಧನಾ ಸಂಸ್ಥೆಯನ್ನು ಸ್ಥಾಪಿಸಿತು. ಎಚ್.ಐ.ವಿ. ಎಂಬ ವೈರಾಣುವು ಮನುಷ್ಯನ ರಕ್ಷಣಾ ಶಕ್ತಿಯನ್ನು ಹೇಗೆ ಕುಂದಿಸುತ್ತದೆ, ಅದನ್ನು ತಡೆಯುವ ಬಗೆ ಯಾವುದು ಎಂಬುದನ್ನು ಅಲ್ಲಿಯ ವಿಜ್ಞಾನಿಗಳು ಮೂರು ದಶಕಗಳಿಗೂ ಮಿಕ್ಕಿ ಪರಿಶೀಲಿಸುತ್ತ ಬಂದಿದ್ದಾರೆ.

ಈ ಬಗೆಯ ಅಧ್ಯಯನಕ್ಕೆ ಅಡಿಗಲ್ಲನ್ನಿಟ್ಟ ಮಹನೀಯರಲ್ಲಿ ಒಬ್ಬರು ರಶಿಯಾ ದೇಶದ ಪ್ರಾಣಿಶಾಸ್ತ್ರಜ್ಞ ಇಲ್ಯಾ ಮೆಚ್ನಿಕೋಫ್. ಏಡ್ಸ್ ರೋಗವನ್ನು ವೈದ್ಯಲೋಕವು ಮೊದಲು ಗುರುತಿಸಿದ್ದು 1981ರಲ್ಲಿ; ಅವರು ಕಾಲವಾದದ್ದು 1916ರಲ್ಲಿ. ಆ ರೋಗದ ಹೆಸರನ್ನು ಕೂಡ ಅವರು ಕೇಳಿದವರಲ್ಲ. ಆದರೂ ಔಷಧಿಯನ್ನು ತಪ್ಪದೆ ಸೇವಿಸುತ್ತಿರುವ ಸೋಂಕಿತರ ಮೈಯಲ್ಲಿಯೂ ಒಳಗಿನ ಉರಿ ಏಕೆ ಪೂರ್ಣವಾಗಿ ಆರುವುದಿಲ್ಲ, ಆ ಉರಿಗೂ ಕರುಳಿನಲ್ಲಿ ವಾಸಿಸುವ ಸೂಕ್ಷ್ಮಜೀವಿಗಳಿಗೂ ಏನು ಸಂಬಂಧ ಎಂಬ ಇಂದಿನ ಪ್ರಶ್ನೆಗೆ ಉತ್ತರವನ್ನು ಹುಡುಕುವವರು ಅವರು ತುಳಿದ ದಾರಿಯಲ್ಲಿಯೇ ನಡೆಯಬೇಕಾಗಿ ಬಂದಿದೆ. ಆ ದಾರಿಯಲ್ಲಿ ಅವರು ಕಂಡ ಸತ್ಯವೂ ಉಂಟು, ಎಡವಿದ ತಾಣವೂ ಉಂಟು. ಅವೆರಡನ್ನೂ ಅರಿತುಕೊಳ್ಳುವುದು ನಮ್ಮ ವಾಚಕರಿಗೆ ಪ್ರಯೋಜನಕರವಾದೀತು.

ಬಾಲ್ಯ ಮತ್ತು ವಿದ್ಯೆ

ಮೆಚ್ನಿಕೋಫರು ಹುಟ್ಟಿದ್ದು 1845ರ ಮೇ ತಿಂಗಳಲ್ಲಿ, ಖಾರ್ಕೋವ್ ನಗರದ ಸಮೀಪದ ಒಂದು ಹಳ್ಳಿಯಲ್ಲಿ. ಅಂದು ರಶಿಯಾ ಸಾಮ್ರಾಜ್ಯಕ್ಕೆ ಸೇರಿದ್ದ ಆ ಸೀಮೆ ಇಂದು ಯುಕ್ರೇನ್ ದೇಶದಲ್ಲಿದೆ. ತಂದೆ ಚಕ್ರವರ್ತಿಯ ಅಂಗರಕ್ಷಕ ಪಡೆಯಲ್ಲಿ ಅಧಿಕಾರಿಯಾಗಿದ್ದವರು. ತಾಯಿ ಯೆಹೂದಿ ಮನೆತನದಿಂದ ಬಂದವರು. ಐವರು ಮಕ್ಕಳಲ್ಲಿ ಇಲ್ಯಾ ಕಿರಿಯವರು. ಗಿಡ, ಹುಳು, ಹಕ್ಕಿಗಳ ವಿಷಯದಲ್ಲಿ ಅವರಿಗೆ ಎಳವೆಯಿಂದಲೇ ಅಪಾರ ಕುತೂಹಲ. ತಾವು ಕಲಿತದ್ದನ್ನು ಒಡಹುಟ್ಟಿದವರಿಗೂ ನೆರೆಹೊರೆಯ ಮಕ್ಕಳಿಗೂ ಉಪನ್ಯಾಸ ಮಾಡಿ ಹೇಳುವರು. ಕೇಳುವುದಕ್ಕೆ ಒಲ್ಲದವರಿಗೆ ತಮ್ಮ ಕೈಗಾಸನ್ನು ಕೊಟ್ಟು ಕೂರಿಸಿಕೊಳ್ಳುವರು.

ಖಾರ್ಕೋವ್ ವಿಶ್ವವಿದ್ಯಾನಿಲಯದ ನಾಲ್ಕು ವರ್ಷಗಳ ವ್ಯಾಸಂಗವನ್ನು ಎರಡೇ ವರ್ಷಗಳಲ್ಲಿ ಮುಗಿಸಿ, 1864ರಲ್ಲಿ ಅವರು ಜರ್ಮನಿಗೆ ತೆರಳಿದರು. ಅಲ್ಲಿ ಒಂದು ಬಗೆಯ ಚಪ್ಪಟೆ ಹುಳುವನ್ನು ಪರೀಕ್ಷಿಸುತ್ತಿದ್ದಾಗ, ಅದರ ಮೈಯ ಕೋಶಗಳು ತಾವಾಗಿಯೇ ಆಹಾರದ ಕಣಗಳನ್ನು ನುಂಗಿ ಅರಗಿಸಿಕೊಳ್ಳುವುದನ್ನು ಕಂಡರು. ಅಂದಿಗೆ ಅದೊಂದು ಚಿಕ್ಕ ಸಂಗತಿ. ಮುಂದೆ ಅವರ ಬಾಳಿನ ದೊಡ್ಡ ಸಾಧನೆ ಮೊಳೆತದ್ದು ಆ ಬೀಜದಿಂದಲೇ. ಇಟಲಿಯ ನೇಪಲ್ಸ್ ನಗರದಲ್ಲಿ ಕೊವಾಲೆವ್ಸ್ಕಿ ಎಂಬ ಸಹೋದ್ಯೋಗಿಯೊಡನೆ ಕಡಲಿನ ಜೀವಿಗಳ ಭ್ರೂಣಗಳನ್ನು ಕುರಿತು ನಡೆಸಿದ ಅಧ್ಯಯನವು ಅವರಿಗೆ ಹೆಸರು ತಂದಿತು. ಇಪ್ಪತ್ತೈದರ ಹರೆಯದಲ್ಲಿಯೇ ಅವರು ಒಡೆಸ್ಸಾ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಪೀಠವನ್ನೇರಿದರು.

ಕಷ್ಟಪರಂಪರೆ

ವಿದ್ಯೆಯಲ್ಲಿ ಒಲಿದ ಭಾಗ್ಯ ಸಂಸಾರದಲ್ಲಿ ಒಲಿಯಲಿಲ್ಲ. 1869ರಲ್ಲಿ ಅವರು ಲುದ್ಮಿಲಾ ಎಂಬಾಕೆಯನ್ನು ವರಿಸಿದರು. ಕ್ಷಯರೋಗದಿಂದ ಬಳಲಿ ಬೆಂಡಾಗಿದ್ದ ವಧುವನ್ನು ಮದುವೆಯ ದಿನ ಕುರ್ಚಿಯಲ್ಲಿ ಕೂರಿಸಿ ದೇವಾಲಯಕ್ಕೆ ಹೊತ್ತು ತರಬೇಕಾಯಿತು. ನಾಲ್ಕು ವರ್ಷಗಳ ಕಾಲ ಹಣವನ್ನೂ ದೇಹಶ್ರಮವನ್ನೂ ಲೆಕ್ಕಿಸದೆ ಪತಿ ಶುಶ್ರೂಷೆ ಮಾಡಿದರೂ, 1873ರಲ್ಲಿ ಮದೀರಾ ದ್ವೀಪದಲ್ಲಿ ಆಕೆ ಕಣ್ಮುಚ್ಚಿದರು. ಕ್ಷಯರೋಗದ ಕ್ರಿಮಿಯನ್ನು ಕೋಖ್ ಮಹಾಶಯರು ಕಂಡುಹಿಡಿಯುವುದಕ್ಕೆ ಆಗ ಇನ್ನೂ ಒಂಬತ್ತು ವರ್ಷಗಳಿದ್ದುವು. ಕಣ್ಣಿಗೆ ಕಾಣದ ಶತ್ರುವಿನ ಮುಂದೆ ಕೈಕಟ್ಟಿ ನಿಲ್ಲಬೇಕಾದ ಆ ಯಾತನೆಯನ್ನು ತಾಳಲಾರದೆ, ಮೆಚ್ನಿಕೋಫರು ಜೀವವನ್ನೇ ನೀಗಿಕೊಳ್ಳಲು ಯತ್ನಿಸಿದರು. ಆಯುಷ್ಯ ಗಟ್ಟಿಯಿತ್ತು, ಬದುಕಿದರು. ಆ ದಿನಗಳಲ್ಲಿಯೇ ಒಂದು ರಾತ್ರಿ ದೀಪದ ಸುತ್ತ ಹಾರಾಡುತ್ತಿದ್ದ ಕೀಟಗಳು ಅವರ ಕಣ್ಣಿಗೆ ಬಿದ್ದುವು. ಅಷ್ಟು ಅಲ್ಪಾಯುವಾದ ಜೀವಿಗಳಿಗೆ ಪ್ರಕೃತಿಯ ಆಯ್ಕೆಯ ನಿಯಮ ಹೇಗೆ ಅನ್ವಯಿಸೀತೆಂದು ಮನಸ್ಸು ಚಿಂತಿಸತೊಡಗಿತು. ವಿಜ್ಞಾನವೇ ಅವರನ್ನು ಮರಳಿ ಬಾಳಿಗೆ ಕರೆದುತಂದಿತು.

1875ರಲ್ಲಿ ಓಲ್ಗಾ ಎಂಬ ತರುಣಿಯೊಡನೆ ಅವರ ಎರಡನೆಯ ವಿವಾಹವಾಯಿತು. ಐದು ವರ್ಷಗಳ ಮೇಲೆ ಆಕೆಗೆ ವಿಷಮಶೀತ ಜ್ವರ ಬಂದು ಪ್ರಾಣಾಪಾಯವೊದಗಿತು. ಅದೇ ಕಾಲದಲ್ಲಿ ವಿಶ್ವವಿದ್ಯಾನಿಲಯದಲ್ಲಿ ರಾಜಕೀಯದ ಕಿರುಕುಳ ಹೆಚ್ಚಿತ್ತು. ಮನಸ್ಸು ಕದಡಿದ ಮೆಚ್ನಿಕೋಫರು ಮರುಕಳಿಸುವ ಜ್ವರದ ರೋಗಿಯ ರಕ್ತವನ್ನು ತಮ್ಮ ಮೈಗೆ ತಾವೇ ಚುಚ್ಚಿಕೊಂಡು ತೀವ್ರವಾಗಿ ಹಾಸಿಗೆ ಹಿಡಿದರು. ಆ ಕಾಯಿಲೆಯಿಂದ ಎದ್ದವರು ಬೇರೆಯೇ ಮನುಷ್ಯರಾಗಿದ್ದರು. ನಿರಾಶೆ ಕರಗಿ, ಬದುಕಿನ ಮೇಲೆ ಗಾಢವಾದ ಒಲವು ಮೂಡಿತ್ತು. ಓಲ್ಗಾ ಕೂಡ ಗುಣಹೊಂದಿ, ಮುಂದೆ ಅವರ ಪ್ರಯೋಗಗಳಿಗೆ ನೆರವಾದರು. ಅವರ ಜೀವನಚರಿತ್ರೆಯನ್ನು ಬರೆದವರೂ ಆಕೆಯೇ.

ಮೆಸ್ಸೀನದ ಮುಳ್ಳು

1882ರಲ್ಲಿ ಅವರು ಪ್ರಾಧ್ಯಾಪಕ ಪದವಿಗೆ ರಾಜೀನಾಮೆಯಿತ್ತು, ಸಂಸಾರಸಮೇತರಾಗಿ ಸಿಸಿಲಿ ದ್ವೀಪದ ಮೆಸ್ಸೀನ ಪಟ್ಟಣಕ್ಕೆ ಬಂದರು. ಕಡಲ ತಡಿಯ ಒಂದು ಮನೆಯ ಕೋಣೆಯೇ ಅವರ ಪ್ರಯೋಗಶಾಲೆ. ಒಂದು ದಿನ ಮನೆಮಂದಿಯೆಲ್ಲ ಸರ್ಕಸ್ ನೋಡಲು ಹೋಗಿದ್ದರು. ಮೆಚ್ನಿಕೋಫರು ಒಬ್ಬರೇ ಕುಳಿತು, ನಕ್ಷತ್ರಮೀನಿನ ಮರಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ಗಾಜಿನಂತೆ ಪಾರದರ್ಶಕವಾದ ಅದರ ಮೈಯೊಳಗೆ ಕೆಲವು ಕೋಶಗಳು ಅತ್ತಿತ್ತ ಅಲೆದಾಡುತ್ತಿದ್ದುವು. ಇವು ಬರಿಯ ಅಲೆಮಾರಿಗಳಲ್ಲ, ದೇಹಕ್ಕೆ ಹೊರಗಿನಿಂದ ನುಗ್ಗಿದ ವೈರಿಯನ್ನು ಹಿಡಿದು ನುಂಗುವ ಕಾವಲುಗಾರರಾಗಿರಬಹುದೆ ಎಂಬ ಭಾವನೆ ಥಟ್ಟನೆ ಅವರಿಗೆ ಹೊಳೆಯಿತು.

ಹೊಳೆದದ್ದನ್ನು ಪರೀಕ್ಷಿಸದೆ ಬಿಡುವವರು ಅವರಲ್ಲ. ಮನೆಯ ತೋಟಕ್ಕೆ ಹೋಗಿ ಗುಲಾಬಿಯ ಗಿಡದಿಂದ ಕೆಲವು ಮುಳ್ಳುಗಳನ್ನು ಕಿತ್ತು ತಂದು, ಆ ಮರಿಗಳ ಚರ್ಮದಡಿಯಲ್ಲಿ ಸೇರಿಸಿದರು. ಆ ರಾತ್ರಿ ಅವರಿಗೆ ನಿದ್ರೆಯಿಲ್ಲ. ಮುಂಜಾನೆ ನೋಡಿದರೆ, ಅಲೆದಾಡುವ ಕೋಶಗಳು ಮುಳ್ಳಿನ ಸುತ್ತ ದಟ್ಟವಾಗಿ ಮುತ್ತಿಕೊಂಡಿದ್ದುವು. ನಮ್ಮ ಬೆರಳಿಗೆ ಮುಳ್ಳು ಮುರಿದಾಗ ಅದರ ಸುತ್ತ ಕೆಂಪಾಗಿ ಬಾತು ಕೀವು ಕಟ್ಟುವುದು ಕೂಡ ಇದೇ ಬಗೆಯ ಕಾರ್ಯ ಎಂದು ಅವರು ತರ್ಕಿಸಿದರು. ವಿಯೆನ್ನಾದ ವಿದ್ವಾಂಸರ ಸಲಹೆಯಂತೆ ಆ ಕೋಶಗಳಿಗೆ ಫ್ಯಾಗೊಸೈಟ್, ಅಂದರೆ ಭಕ್ಷಕ ಕೋಶ, ಎಂಬ ಗ್ರೀಕ್ ಹೆಸರನ್ನಿಟ್ಟರು. ಮರುವರ್ಷಗಳಲ್ಲಿ ನೀರುಚಿಗಟೆಯೊಂದು ತನ್ನ ಮೈಹೊಕ್ಕ ಬೂಷ್ಟಿನ ಬೀಜಕಣಗಳನ್ನು ಇದೇ ರೀತಿಯಲ್ಲಿ ನುಂಗಿ ಪಾರಾಗುವುದನ್ನೂ, ಕೋಶಗಳು ಸೋತರೆ ಸಾಯುವುದನ್ನೂ ಅವರು ಕಣ್ಣಾರೆ ಕಂಡು ಬರೆದರು.

ಈ ಮಾತಿನ ಮಹತ್ವವನ್ನು ಅಂದಿನ ನಂಬಿಕೆಯೊಡನೆ ಹೋಲಿಸಿದಾಗಲೇ ಅರಿಯಬಹುದು. ಉರಿಯೂತವೆಂದರೆ ದೇಹಕ್ಕೊದಗಿದ ಹಾನಿ ಮಾತ್ರವೆಂದು ವೈದ್ಯರು ಎಣಿಸಿದ್ದರು. ರಕ್ತದ ಬಿಳಿಯ ಕಣಗಳಲ್ಲಿ ಕ್ರಿಮಿಗಳು ಕಂಡುಬಂದರೆ, ಆ ಕಣಗಳೇ ಅವನ್ನು ಹೊತ್ತು ಮೈಯೆಲ್ಲ ಹರಡುತ್ತವೆಂದು ತಿಳಿದಿದ್ದರು. ಮೆಚ್ನಿಕೋಫರು ಅದನ್ನು ತಲೆಕೆಳಗು ಮಾಡಿದರು. ಉರಿಯೂತವು ಮೂಲತಃ ದೇಹವು ಹೂಡುವ ರಕ್ಷಣಾಯುದ್ಧ. ಬಿಳಿಯ ಕಣಗಳು ಅದರ ಯೋಧರು. ಈ ಸಿದ್ಧಾಂತವನ್ನು ಅವರು 1892ರಲ್ಲಿ ಉರಿಯೂತವನ್ನು ಕುರಿತ ಗ್ರಂಥವೊಂದರಲ್ಲಿ ವಿಸ್ತಾರವಾಗಿ ಪ್ರತಿಪಾದಿಸಿದರು.

ಪ್ಯಾರಿಸಿನ ನೆಲೆ, ಹುಬ್ಬಳ್ಳಿಯ ನಂಟು

1886ರಲ್ಲಿ ಒಡೆಸ್ಸಾದಲ್ಲಿ ಹುಚ್ಚುನಾಯಿ ಕಡಿತದ ಚಿಕಿತ್ಸೆಗಾಗಿ ತೆರೆದ ಸಂಸ್ಥೆಗೆ ಅವರು ಮುಖ್ಯಸ್ಥರಾದರು. ಆದರೆ ಅವರು ವೈದ್ಯರಲ್ಲವೆಂದು ವೈದ್ಯರು ಆಕ್ಷೇಪಿಸಿದರು. ಅಧಿಕಾರಿಗಳ ಅಡ್ಡಿಯೂ ಸೇರಿತು. ಬೇಸತ್ತ ಅವರು 1888ರಲ್ಲಿ ಪ್ಯಾರಿಸಿಗೆ ಬಂದಾಗ, ಮಹಾವಿಜ್ಞಾನಿ ಲೂಯಿ ಪಾಸ್ತರರು ಆಗತಾನೆ ಕಟ್ಟಿಸಿದ್ದ ತಮ್ಮ ಸಂಸ್ಥೆಯಲ್ಲಿ ಅವರಿಗೆ ಪ್ರಯೋಗಶಾಲೆಯನ್ನು ಕೊಟ್ಟರು. ಕೊನೆಯ ಉಸಿರಿನವರೆಗೂ ಮೆಚ್ನಿಕೋಫರ ಕರ್ಮಭೂಮಿ ಅದೇ ಆಯಿತು.

ಒಡೆಸ್ಸಾದಲ್ಲಿ ಅವರ ಶಿಷ್ಯರಾಗಿದ್ದವರಲ್ಲಿ ವಾಲ್ಡೆಮಾರ್ ಹಾಫ್ಕಿನ್ ಒಬ್ಬರು. ಗುರುಗಳನ್ನು ಅನುಸರಿಸಿ ಅವರೂ ಪ್ಯಾರಿಸಿಗೆ ಬಂದು, 1892ರಲ್ಲಿ ವಾಂತಿಭೇದಿಯ ಲಸಿಕೆಯನ್ನು ಸಿದ್ಧಪಡಿಸಿ ಮೊದಲು ತಮಗೇ ಚುಚ್ಚಿಕೊಂಡರು. ಮರುವರ್ಷ ಭಾರತಕ್ಕೆ ಬಂದರು. 1896ರಲ್ಲಿ ಮುಂಬಯಿಯಲ್ಲಿ ಪ್ಲೇಗು ತಲೆದೋರಿದಾಗ ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಹಗಲಿರುಳು ದುಡಿದು ಅದಕ್ಕೂ ಲಸಿಕೆಯನ್ನು ಮಾಡಿ, 1897ರ ಜನವರಿ 10ರಂದು ತಮ್ಮ ಮೈಮೇಲೆಯೇ ಪರೀಕ್ಷಿಸಿಕೊಂಡರು. ಅದೇ ವರ್ಷ ಪುಣೆ ಪ್ಲೇಗಿನಿಂದ ತತ್ತರಿಸಿತು. ರೋಗಿಗಳ ಸೇವೆಗೆ ನಿಂತ ಸಾವಿತ್ರಿಬಾಯಿ ಫುಲೆಯವರು ಅದೇ ರೋಗಕ್ಕೆ ತುತ್ತಾಗಿ ಮಾರ್ಚ್ 10ರಂದು ತೀರಿಕೊಂಡರು. ಮರುವರ್ಷ ನಮ್ಮ ಹುಬ್ಬಳ್ಳಿಯಲ್ಲಿ ಹಾಫ್ಕಿನ್ನರ ಲಸಿಕೆಯನ್ನು ಬಹು ದೊಡ್ಡ ಪ್ರಮಾಣದಲ್ಲಿ ಜನರಿಗೆ ಹಾಕಲಾಯಿತು. ಮುಂಬಯಿಯ ಪರೇಲಿನಲ್ಲಿರುವ ಹಾಫ್ಕಿನ್ ಸಂಸ್ಥೆಯು ಅವರ ನೆನಪನ್ನು ಇಂದಿಗೂ ಉಳಿಸಿದೆ. ಹೀಗೆ ಮೆಚ್ನಿಕೋಫರು ಎಂದೂ ಕಾಣದ ನಮ್ಮ ನಾಡಿಗೆ ಅವರ ಶಿಷ್ಯನ ಕೈಯ ಮೂಲಕ ಉಪಕಾರವೊಂದು ಸಂದಿತು.

ಕರುಳಿನ ಕಡೆಗೆ

1892ರ ವಾಂತಿಭೇದಿಯ ಪಿಡುಗೇ ಗುರುಗಳ ಚಿಂತನೆಯನ್ನು ಕರುಳಿನ ಕಡೆಗೆ ತಿರುಗಿಸಿತು. ಆ ರೋಗದ ಕ್ರಿಮಿ ಕೆಲವರನ್ನು ಕೊಂದು ಕೆಲವರನ್ನು ಮುಟ್ಟದೆ ಬಿಡುವುದೇಕೆ? ಇದನ್ನರಿಯಲು ಮೆಚ್ನಿಕೋಫರು ಆ ಕ್ರಿಮಿಗಳನ್ನು ಬೆಳೆಸಿದ ದ್ರವವನ್ನು ತಾವೇ ಕುಡಿದರು. ಅವರಿಗೆ ಏನೂ ಆಗಲಿಲ್ಲ. ಸಹಾಯಕರೊಬ್ಬರು ಕುಡಿದರು, ಅವರಿಗೂ ಏನೂ ಆಗಲಿಲ್ಲ. ತಾನಾಗಿ ಮುಂದೆ ಬಂದ ಮತ್ತೊಬ್ಬ ತರುಣನಿಗೆ ಮಾತ್ರ ರೋಗ ತೀವ್ರವಾಗಿ ತಗುಲಿ, ಆತ ಸಾವಿನ ಬಾಗಿಲಿನಿಂದ ಮರಳಿ ಬಂದನು. ಇಂದಿನ ವೈದ್ಯನೀತಿಯು ಇಂತಹ ಸಾಹಸಕ್ಕೆ ಎಂದೂ ಒಪ್ಪಲಾರದು. ಆದರೆ ಅದರಿಂದ ಅವರಿಗೆ ದೊರೆತ ಸುಳಿವು ಅಮೂಲ್ಯವಾದುದು. ವಾಂತಿಭೇದಿಯ ಕ್ರಿಮಿಯನ್ನು ಇತರ ಸೂಕ್ಷ್ಮಜೀವಿಗಳ ಜೊತೆಗೆ ಬೆಳೆಸಿ ನೋಡಿದಾಗ, ಕೆಲವು ಅದಕ್ಕೆ ಕುಮ್ಮಕ್ಕು ಕೊಡುತ್ತಿದ್ದುವು, ಕೆಲವು ಅದನ್ನು ತಡೆಯುತ್ತಿದ್ದುವು. ಹಾಗಾದರೆ ಒಬ್ಬೊಬ್ಬರ ಕರುಳಿನಲ್ಲಿ ಮೊದಲೇ ನೆಲೆಸಿರುವ ಜೀವಿಗಳೇ ರೋಗದ ಗತಿಯನ್ನು ನಿರ್ಧರಿಸಬಹುದಲ್ಲವೆ?

ಅಲ್ಲಿಂದ ಅವರ ಯೋಚನೆ ಮುಪ್ಪಿನತ್ತ ಹರಿಯಿತು. ದೊಡ್ಡ ಕರುಳಿನಲ್ಲಿ ಕೊಳೆಯಿಸುವ ಕ್ರಿಮಿಗಳು ವಿಷವನ್ನು ಹುಟ್ಟಿಸುತ್ತವೆ; ಆ ವಿಷ ಕರುಳಿನ ಗೋಡೆಯನ್ನು ದಾಟಿ ರಕ್ತವನ್ನು ಸೇರುತ್ತದೆ; ರಕ್ತನಾಳಗಳು ಗಡುಸಾಗುತ್ತವೆ; ಭಕ್ಷಕ ಕೋಶಗಳು ಕೆರಳಿ, ಕಾಯಬೇಕಾದ ಅಂಗಗಳನ್ನೇ ಕಬಳಿಸತೊಡಗುತ್ತವೆ. ಅಕಾಲದ ವೃದ್ಧಾಪ್ಯಕ್ಕೆ ಇದೇ ಕಾರಣವೆಂದು ಅವರು ಸಾರಿದರು. ವೃದ್ಧಾಪ್ಯದ ಅಧ್ಯಯನಕ್ಕೆ ಹೆಸರನ್ನಿಟ್ಟು ಅದನ್ನೊಂದು ಶಾಸ್ತ್ರವೆಂದು ನಿಲ್ಲಿಸಿದವರೂ ಅವರೇ. ಕಾವಲುಗಾರನೇ ಕೆರಳಿದರೆ ಮನೆಗೆ ಕೇಡು ಎಂಬ ಈ ಎರಡನೆಯ ಮಾತು, ಉರಿಯೂತವು ರಕ್ಷಣೆ ಎಂಬ ಅವರ ಮೊದಲನೆಯ ಮಾತಿಗೆ ವಿರುದ್ಧವಾದುದಲ್ಲ. ಅದೇ ನಾಣ್ಯದ ಇನ್ನೊಂದು ಮುಖ.

ಮೊಸರಿನ ಮಹಿಮೆಯೂ ಅದರ ಮೇರೆಯೂ

ಕೊಳೆಯಿಸುವ ಕ್ರಿಮಿಗಳು ಹುಳಿಯಲ್ಲಿ ಬೆಳೆಯಲಾರವು. ಹಾಲನ್ನು ಹುಳಿಯಾಗಿಸುವ ಜೀವಿಗಳನ್ನು ಕರುಳಿಗೆ ಕಳುಹಿಸಿದರೆ ಕೇಡು ತಗ್ಗಬಹುದೆಂದು ಮೆಚ್ನಿಕೋಫರು ಎಣಿಸಿದರು. ಬಲ್ಗೇರಿಯಾದ ಹಳ್ಳಿಗರು ಹುಳಿ ಹಾಲನ್ನು ಯಥೇಚ್ಛವಾಗಿ ಕುಡಿದು ದೀರ್ಘಕಾಲ ಬಾಳುತ್ತಾರೆಂಬ ವಾರ್ತೆಯೂ ಅವರ ಕಿವಿಗೆ ಬಿದ್ದಿತ್ತು. ಅಲ್ಲಿಯ ಮೊಸರಿನ ಕ್ರಿಮಿಯನ್ನು 1905ರಲ್ಲಿ ಜಿನೀವದಲ್ಲಿ ಗುರುತಿಸಿದವರು ಸ್ತಾಮೆನ್ ಗ್ರಿಗೊರೋವ್ ಎಂಬ ಬಲ್ಗೇರಿಯಾದ ವಿದ್ಯಾರ್ಥಿ. ಮೆಚ್ನಿಕೋಫರು ಅದರ ಪ್ರಯೋಜನವನ್ನು ಲೋಕಕ್ಕೆ ಸಾರಿದರು. ಹಾಲನ್ನು ಕಾಯಿಸಿ, ಶುದ್ಧವಾದ ಹೆಪ್ಪನ್ನು ಹಾಕಿ ಸೇವಿಸಬೇಕೆಂದು ಹೇಳಿ, ತಾವೂ ನಿತ್ಯ ಹಾಗೆಯೇ ಮಾಡುತ್ತಿದ್ದರು. ಊಟದ ಕೊನೆಗೆ ಮಜ್ಜಿಗೆಯಿಲ್ಲದೆ ಏಳದ ನಮ್ಮ ಜನರಿಗೆ ಇದರಲ್ಲಿ ಹೊಸತೇನೂ ತೋರಲಾರದು. ಯೂರೋಪಿನಲ್ಲಿ ಮಾತ್ರ ಅದೊಂದು ಹುಚ್ಚೇ ಆಯಿತು. ವ್ಯಾಪಾರಿಗಳು ಹುಳಿ ಹಾಲನ್ನೂ ಅದರ ಗುಳಿಗೆಗಳನ್ನೂ ಸರ್ವರೋಗಹರವೆಂಬಂತೆ ಮಾರತೊಡಗಿದರು. ಇಂಗ್ಲೆಂಡಿನ ಅರ್ಬತ್‌ನಾಟ್ ಲೇನ್ ಎಂಬ ಪ್ರಸಿದ್ಧ ಶಸ್ತ್ರವೈದ್ಯರಂತೂ ಮಲಬದ್ಧತೆಯ ರೋಗಿಗಳ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆಯುವವರೆಗೆ ಹೋದರು.

ಮೆಚ್ನಿಕೋಫರ ತರ್ಕದಲ್ಲಿ ಬಿರುಕಿದ್ದದ್ದು ಇಲ್ಲಿಯೇ. ಕರುಳಿನ ಜೀವಿಗಳೂ ಉರಿಯೂತವೂ ಮುಪ್ಪೂ ಒಂದಕ್ಕೊಂದು ಹೆಣೆದುಕೊಂಡಿವೆಯೆಂಬ ಅವರ ಕಾಣ್ಕೆ ನಿಜವಾದುದಾಗಿತ್ತು. ಆದರೆ ಆ ಹೆಣಿಗೆಯನ್ನು ಬಿಡಿಸುವ ಮುನ್ನವೇ ಅವರು ಚಿಕಿತ್ಸೆಯನ್ನು ಸೂಚಿಸಿಬಿಟ್ಟರು. ಬಲ್ಗೇರಿಯಾದ ಆ ಕ್ರಿಮಿ ಮನುಷ್ಯನ ಕರುಳಿನಲ್ಲಿ ಬೇರೂರಿ ನೆಲೆಸುವುದಿಲ್ಲವೆಂದು ಅಮೆರಿಕದ ವಿಜ್ಞಾನಿಗಳು 1920ರ ಸುಮಾರಿಗೆ ತೋರಿಸಿದರು. ದೊಡ್ಡ ಕರುಳು ಬೇಡವಾದ ಅಂಗವೂ ಅಲ್ಲ. ಅಲ್ಲಿಯ ಜೀವಿಗಳಲ್ಲಿ ಹೆಚ್ಚಿನವು ನಮಗೆ ಉಪಕಾರಿಗಳು. ಹೀಗಾಗಿ ಅವರ ಕರುಳಿನ ಸಿದ್ಧಾಂತವು ಹಲವು ದಶಕಗಳ ಕಾಲ ಮೂಲೆಗೆ ಸೇರಿತು.

ಕೀರ್ತಿ ಮತ್ತು ಅಂತ್ಯ

ಭಕ್ಷಕ ಕೋಶಗಳ ಸಿದ್ಧಾಂತಕ್ಕೂ ವಿರೋಧ ಕಡಮೆಯಿರಲಿಲ್ಲ. ರಕ್ಷಣೆಯು ರಕ್ತದ ದ್ರವದಲ್ಲಿದೆ, ಕೋಶಗಳಲ್ಲಲ್ಲ ಎಂದು ಜರ್ಮನಿಯ ವಿದ್ವಾಂಸರು ವಾದಿಸುತ್ತಿದ್ದರು. ಇಪ್ಪತ್ತು ವರ್ಷಗಳಿಗೂ ಮೀರಿ ನಡೆದ ಈ ವಾಗ್ಯುದ್ಧವು ಇಬ್ಬರದೂ ಸರಿಯೆಂಬ ನಿರ್ಣಯಕ್ಕೆ ಬಂದಿತು. 1908ರ ನೊಬೆಲ್ ಪಾರಿತೋಷಕವನ್ನು ಮೆಚ್ನಿಕೋಫರಿಗೂ ಜರ್ಮನಿಯ ಪಾಲ್ ಎರ್ಲಿಖರಿಗೂ ಹಂಚಿಕೊಡಲಾಯಿತು. ಮರುವರ್ಷ ಅವರು ರಶಿಯಾಕ್ಕೆ ಹೋಗಿ ಟಾಲ್‌ಸ್ಟಾಯರನ್ನು ಕಂಡು ಬಂದರು.

1914ರ ಮಹಾಯುದ್ಧ ಅವರ ಪ್ರಯೋಗಶಾಲೆಯನ್ನು ಬರಿದುಮಾಡಿತು. ತರುಣ ಸಹಾಯಕರೆಲ್ಲ ರಣರಂಗಕ್ಕೆ ಹೋದರು. ಹೃದ್ರೋಗದಿಂದ ನರಳುತ್ತಿದ್ದ ವೃದ್ಧ ವಿಜ್ಞಾನಿ ತಮ್ಮ ರೋಗಲಕ್ಷಣಗಳನ್ನೇ ಗಮನಿಸಿ ಬರೆದಿಡುತ್ತಿದ್ದರು. ತಾವು ತೀರಿದ ಬಳಿಕ ದೇಹವನ್ನು, ಅದರಲ್ಲಿಯೂ ಕರುಳನ್ನು, ಪರೀಕ್ಷಿಸಬೇಕೆಂದು ಸಹೋದ್ಯೋಗಿಗಳನ್ನು ಕೋರಿದ್ದರು. 1916ರ ಜುಲೈ 15ರಂದು, ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಪ್ಯಾರಿಸಿನಲ್ಲಿ ಅವರ ಜೀವನಯಾತ್ರೆ ಮುಗಿಯಿತು. ಅವರ ಚಿತಾಭಸ್ಮವನ್ನು ಪಾಸ್ತರ್ ಸಂಸ್ಥೆಯಲ್ಲಿಯೇ ಇರಿಸಲಾಗಿದೆ.

ನೂರು ವರ್ಷಗಳ ಬಳಿಕ

ಅದೇ ಪಾಸ್ತರ್ ಸಂಸ್ಥೆಯಲ್ಲಿ 1983ರಲ್ಲಿ ಫ್ರಾನ್ಸ್ವಾಸ್ ಬಾರೆ-ಸಿನೂಸಿ, ಲ್ಯೂಕ್ ಮೊಂತಾನ್ಯೆ ಮತ್ತು ಅವರ ಸಂಗಡಿಗರು ಏಡ್ಸ್ ರೋಗಕ್ಕೆ ಕಾರಣವಾದ ವೈರಾಣುವನ್ನು ಕಂಡುಹಿಡಿದರು. ಆ ಇಬ್ಬರಿಗೆ 2008ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಮೆಚ್ನಿಕೋಫರಿಗೆ ಆ ಗೌರವ ಸಂದು ಸರಿಯಾಗಿ ನೂರು ವರ್ಷಗಳಾಗಿದ್ದುವು.

ಎಚ್.ಐ.ವಿ. ರಕ್ತದ ರೋಗವೆಂದು ಬಹುಕಾಲ ಭಾವಿಸಲಾಗಿತ್ತು. ಆದರೆ ಅದು ನಾಶಮಾಡುವ ಸಿ.ಡಿ. 4 ಎಂಬ ರಕ್ಷಕ ಕೋಶಗಳ ದೊಡ್ಡ ಪಾಲು ಇರುವುದು ಕರುಳಿನ ಗೋಡೆಯಲ್ಲಿ. ಸೋಂಕು ತಗುಲಿದ ಕೆಲವೇ ವಾರಗಳಲ್ಲಿ ಅಲ್ಲಿಯ ಕೋಶಗಳು ಅಪಾರ ಸಂಖ್ಯೆಯಲ್ಲಿ ಅಳಿಯುತ್ತವೆ. ಕರುಳಿನ ಒಳಪೊರೆಯನ್ನು ಭದ್ರವಾಗಿರಿಸುವವರು ಇಲ್ಲವಾಗಲು ಕೋಟೆಯ ಗೋಡೆಯಲ್ಲಿ ಸಂದುಗಳು ಬೀಳುತ್ತವೆ. ಕರುಳಿನ ಕ್ರಿಮಿಗಳ ಹೊರಕವಚದ ವಿಷಾಂಶಗಳು ಆ ಸಂದುಗಳಿಂದ ಜಿನುಗಿ ರಕ್ತವನ್ನು ಸೇರುತ್ತವೆ. ಇದನ್ನು 2006ರಲ್ಲಿ ಅಮೆರಿಕದ ಸಂಶೋಧಕರು ಸೋಂಕಿತರ ರಕ್ತದಲ್ಲಿ ಅಳೆದು ತೋರಿಸಿದರು. ನುಸುಳಿದ್ದನ್ನು ನುಂಗಲು ಮೆಚ್ನಿಕೋಫರ ಭಕ್ಷಕ ಕೋಶಗಳು ಧಾವಿಸುತ್ತವೆ. ನುಸುಳುವಿಕೆ ನಿಲ್ಲದೆ ಇರುವುದರಿಂದ ಅವುಗಳ ಕೆರಳಿಕೆಯೂ ನಿಲ್ಲುವುದಿಲ್ಲ. ಮೈಯೊಳಗೆ ಸಣ್ಣ ಉರಿ ಸದಾ ಹೊಗೆಯಾಡುತ್ತಿರುತ್ತದೆ.

ಔಷಧಿಯು ವೈರಾಣುವನ್ನು ಅಡಗಿಸುತ್ತದೆ, ರಕ್ತದಲ್ಲಿ ರಕ್ಷಕ ಕೋಶಗಳು ಮತ್ತೆ ತುಂಬುತ್ತವೆ. ಆದರೆ ಕರುಳಿನ ಗೋಡೆಯ ದುರಸ್ತಿ ಅಷ್ಟು ಸಂಪೂರ್ಣವಾಗಿ ಆಗುವುದಿಲ್ಲ. ಆದುದರಿಂದಲೇ ಚಿಕಿತ್ಸೆ ಪಡೆದು ನೆಮ್ಮದಿಯಿಂದಿರುವ ಸೋಂಕಿತರಲ್ಲಿಯೂ ಹೃದಯದ ಕಾಯಿಲೆ ಮೊದಲಾದ ಮುಪ್ಪಿನ ತೊಂದರೆಗಳು ಇತರರಿಗಿಂತ ಹೆಚ್ಚಾಗಿ ಕಾಣಿಸಿಕೊಳ್ಳುತ್ತವೆ. ಕರುಳಿನ ಸೋರಿಕೆ, ಕೆರಳಿದ ಕಾವಲುಗಾರರು, ಗಡುಸಾಗುವ ರಕ್ತನಾಳ, ಅಕಾಲದ ಮುಪ್ಪು: ಮೆಚ್ನಿಕೋಫರು ಊಹಿಸಿದ್ದ ಸರಣಿಯ ಕೊಂಡಿಗಳೇ ಇಲ್ಲಿ ಒಂದೊಂದಾಗಿ ಎದ್ದು ಬಂದಿವೆ. ಚಿಕಿತ್ಸೆಯನ್ನು ಎಷ್ಟು ಬೇಗ ಆರಂಭಿಸಿದರೆ ಹಾನಿ ಅಷ್ಟು ಕಡಮೆ ಎಂಬುದೂ ಸ್ಪಷ್ಟವಾಗಿದೆ.

ಪುಣೆಯ ಪಾಲು

ಈ ಶೋಧನೆಯಲ್ಲಿ ನಮ್ಮ ದೇಶದ ಪಾಲು ಅಗತ್ಯವಾದುದು ಏಕೆ ಎಂಬುದಕ್ಕೆ ಒಂದೇ ನಿದರ್ಶನ ಸಾಕು. ಪ್ರೆವೊಟೆಲ್ಲಾ ಎಂಬ ಜಾತಿಯ ಕ್ರಿಮಿಗಳು ಎಚ್.ಐ.ವಿ. ಸೋಂಕಿತರ ಕರುಳಿನಲ್ಲಿ ಅಧಿಕವಾಗಿವೆಯೆಂದು ಪಾಶ್ಚಾತ್ಯ ದೇಶಗಳ ಕೆಲವು ಅಧ್ಯಯನಗಳು ಹೇಳಿದುವು. ಅದಕ್ಕೆ ವೈರಾಣುವಿಗಿಂತ ಅಲ್ಲಿ ಪರೀಕ್ಷೆಗೊಳಗಾದವರ ಜೀವನಕ್ರಮವೇ ಬಹುಮಟ್ಟಿಗೆ ಕಾರಣವೆಂದು ಬಳಿಕ ತಿಳಿದುಬಂದಿತು. ಇನ್ನು ನಮ್ಮಲ್ಲಿ ನೋಡಿದರೆ, ರೊಟ್ಟಿ, ಅನ್ನ, ಬೇಳೆ, ಕಾಯಿಪಲ್ಯಗಳನ್ನುಣ್ಣುವ ಆರೋಗ್ಯವಂತರ ಕರುಳಿನಲ್ಲಿಯೂ ಆ ಕ್ರಿಮಿಗಳು ಹೇರಳವಾಗಿವೆ. ಅಲ್ಲಿಯ ಅಳತೆಗೋಲಿನಿಂದ ಇಲ್ಲಿಯ ಕರುಳನ್ನು ಅಳೆಯುವಂತಿಲ್ಲ. ಭಾರತೀಯರ ಕರುಳಿನ ಜೀವಿಗಳ ಅಧ್ಯಯನದಲ್ಲಿ ಪುಣೆಯ ರಾಷ್ಟ್ರೀಯ ಕೋಶವಿಜ್ಞಾನ ಕೇಂದ್ರದ ವಿಜ್ಞಾನಿಗಳು ಮುಂಚೂಣಿಯಲ್ಲಿರುವುದು ಸಂತೋಷದ ವಿಷಯ.

ಭೋಸರಿಯ ಸಂಸ್ಥೆಯ ಹೆಸರು ಈಚೆಗೆ ಬದಲಾಗಿ, ಅದರಲ್ಲಿ ವೈರಾಣು ವಿಜ್ಞಾನವೂ ಸೇರಿಕೊಂಡಿದೆ. ಒಂಬತ್ತು ದೇಶಗಳ 1,763 ದಂಪತಿಗಳಲ್ಲಿ ನಡೆದು 2011ರಲ್ಲಿ ಫಲಿತಾಂಶ ಕೊಟ್ಟ ಮಹತ್ತ್ವದ ಪ್ರಯೋಗದಲ್ಲಿ ಆ ಸಂಸ್ಥೆಯೂ ಭಾಗವಹಿಸಿತ್ತು. ಸೋಂಕಿತರು ಬೇಗನೆ ಔಷಧಿ ಆರಂಭಿಸಿದರೆ ಬಾಳಸಂಗಾತಿಗೆ ಸೋಂಕು ದಾಟುವ ಸಂಭವವು ಶೇಕಡ 96ರಷ್ಟು ತಗ್ಗುವುದೆಂದು ಅದು ಸಿದ್ಧಪಡಿಸಿತು. ಒಳಗಿನ ಉರಿಯಿಂದ ಹೃದಯಕ್ಕೊದಗುವ ಹಾನಿಯನ್ನು ತಡೆಯುವ ದಾರಿಯೂ ತೆರೆಯುತ್ತಿದೆ. ಭಾರತವೂ ಸೇರಿ 12 ದೇಶಗಳಲ್ಲಿ 7,769 ಸೋಂಕಿತರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಕೊಬ್ಬನ್ನು ತಗ್ಗಿಸುವ ಪಿಟವಸ್ಟಾಟಿನ್ ಎಂಬ ಗುಳಿಗೆಯು ಹೃದಯಾಘಾತ ಮೊದಲಾದ ಅಪಾಯಗಳನ್ನು ಶೇಕಡ 35ರಷ್ಟು ಕಡಮೆಮಾಡಿತು. ಅದು ಯಾರಿಗೆ ಬೇಕೆಂಬುದನ್ನು ವೈದ್ಯರೇ ನಿರ್ಧರಿಸಬೇಕು.

ಉಪಕಾರಿ ಕ್ರಿಮಿಗಳನ್ನು ಸೇವಿಸಿ ಕರುಳನ್ನು ಸರಿಪಡಿಸುವ ಯತ್ನಗಳೂ ನಡೆದಿವೆ. ಅವೆಲ್ಲ ಚಿಕ್ಕ ಪ್ರಯೋಗಗಳು. ಫಲ ಒಂದೊಂದರಲ್ಲಿ ಒಂದೊಂದು ಬಗೆ. ಮೊಸರು ಒಳ್ಳೆಯ ಆಹಾರ, ಊಟದ ಎಲೆಯಲ್ಲಿ ಅದಕ್ಕೆ ಸ್ಥಾನವುಂಟು. ಎಚ್.ಐ.ವಿ.ಗೆ ಅದು ಔಷಧವಲ್ಲ. ನೂರು ವರ್ಷಗಳ ಹಿಂದೆ ಯೂರೋಪಿನ ವ್ಯಾಪಾರಿಗಳು ಮೆಚ್ನಿಕೋಫರ ಹೆಸರು ಹೇಳಿ ಮಾರಿದ ಗುಳಿಗೆಗಳಂತೆ, ಇಂದಿಗೂ ಕರುಳನ್ನು ಶುದ್ಧಿಮಾಡಿ ಏಡ್ಸ್ ವಾಸಿಮಾಡುವೆವೆನ್ನುವವರು ಇರುತ್ತಾರೆ. ಅವರ ಮಾತಿಗೆ ಮರುಳಾಗಿ ನಿತ್ಯದ ಔಷಧಿಯನ್ನು ಬಿಟ್ಟವರ ಮೈಯಲ್ಲಿ ಅಡಗಿದ್ದ ವೈರಾಣು ಮತ್ತೆ ತಲೆಯೆತ್ತುತ್ತದೆ.

ಊರು ಬಿಟ್ಟು ದುಡಿಯಲು ಬಂದವರಿಗೆ ಈ ಎಚ್ಚರಿಕೆ ಇಮ್ಮಡಿಯಾಗಿ ಸಲ್ಲುತ್ತದೆ. ಜಾತ್ರೆಗೋ ಬಿತ್ತನೆಗೋ ಊರಿಗೆ ಹೋದಾಗ, ಮಾಲಿಕನಿಗೆ ತಿಳಿದೀತೆಂಬ ಅಂಜಿಕೆ ಕಾಡಿದಾಗ, ಗುಳಿಗೆ ತಪ್ಪಿಹೋಗುವುದು ಸುಲಭ. ಸರಕಾರಿ ಚಿಕಿತ್ಸಾ ಕೇಂದ್ರಗಳಲ್ಲಿ 2004ರ ಏಪ್ರಿಲಿನಿಂದ ಔಷಧಿ ಉಚಿತ. ವಾಸಸ್ಥಳ ಬದಲಾದರೆ ಚಿಕಿತ್ಸೆಯನ್ನು ಹತ್ತಿರದ ಕೇಂದ್ರಕ್ಕೆ ವರ್ಗಾಯಿಸಿಕೊಳ್ಳುವ ಅವಕಾಶವೂ ಇದೆ. 1097 ಎಂಬ ಸಂಖ್ಯೆಗೆ ಫೋನು ಮಾಡಿದರೆ ಹಣವಿಲ್ಲದೆ ಮಾಹಿತಿ ದೊರೆಯುತ್ತದೆ. ಸೋಂಕಿನ ಕಾರಣಕ್ಕಾಗಿ ಕೆಲಸದಿಂದಲೋ ವಸತಿಯಿಂದಲೋ ಅನ್ಯಾಯವಾಗಿ ಹೊರದೂಡುವುದನ್ನು 2017ರಲ್ಲಿ ಸಂಸತ್ತು ಒಪ್ಪಿದ ಕಾನೂನು ನಿಷೇಧಿಸಿದೆ. ಅದು 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ.

ಒಬ್ಬ ಮಡದಿಯನ್ನು ಸೋಂಕಿನ ರೋಗಕ್ಕೆ ಬಲಿಗೊಟ್ಟು, ಇನ್ನೊಬ್ಬರನ್ನು ಅದೇ ದವಡೆಯಿಂದ ಮರಳಿ ಪಡೆದವರು ಮೆಚ್ನಿಕೋಫರು. ಲುದ್ಮಿಲಾಗೆ ಕೊಡಲು ಅವರ ಬಳಿ ಮದ್ದೇ ಇರಲಿಲ್ಲ. ಎಚ್.ಐ.ವಿ.ಯೊಡನೆ ಬಾಳುತ್ತಿರುವವರಿಗೆ ಇಂದು ಮದ್ದು ಇದೆ. ಕರುಳಿನ ಉರಿಯನ್ನು ಆರಿಸುವ ಕೆಲಸವಷ್ಟೆ ಇನ್ನೂ ಮುಗಿದಿಲ್ಲ. ವಿಜ್ಞಾನಿಗಳು ಅದನ್ನು ಮುಂದುವರಿಸುತ್ತಿರಲಿ. ಅಲ್ಲಿಯವರೆಗೆ ದಿನದ ಗುಳಿಗೆಯನ್ನು ತಪ್ಪಿಸದಿರುವುದು ಸೋಂಕಿತರ ಕೈಯಲ್ಲಿದೆ. ಅದನ್ನು ನುಂಗಲು ಅವರು ಮರೆ ಹುಡುಕಬೇಕಾಗದಂತೆ ನಡೆದುಕೊಳ್ಳುವುದು ಅವರೊಡನೆ ಒಂದೇ ಚಾಳಿನಲ್ಲಿ, ಒಂದೇ ಹೋಟೆಲಿನಲ್ಲಿ, ಒಂದೇ ಕಾರ್ಖಾನೆಯಲ್ಲಿ ಬಾಳುವ ನಮ್ಮೆಲ್ಲರ ಕೈಯಲ್ಲಿದೆ.